ಇಂಟರ್ನೆಟ್ ಹುಟ್ಟಿದ್ದು ಅಣುಬಾಂಬ್ ಭಯದಿಂದಲೇ? ‘ಪ್ಯಾಕೆಟ್’ ಹೆಸರಿಟ್ಟ ಡೊನಾಲ್ಡ್ ಡೇವಿಸ್ ಕಥೆ

ಅಣುಯುದ್ಧಕ್ಕೆ ಹೆದರಿ ಅಮೆರಿಕ ಇಂಟರ್ನೆಟ್ ಕಟ್ಟಿತು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಅರ್ಧ ಸತ್ಯ. ಅಮೆರಿಕದ ಪಾಲ್ ಬ್ಯಾರನ್ ಆ ಭಯದಿಂದಲೇ ಇಂಥ ಜಾಲವೊಂದನ್ನು ಯೋಚಿಸಿದ್ದು ನಿಜ. ಬ್ರಿಟನ್ನಿನ ಡೊನಾಲ್ಡ್ ಡೇವಿಸ್‌ಗೆ ಮಾತ್ರ ಬಾಂಬಿನ ಚಿಂತೆ ಇರಲಿಲ್ಲ.

1924ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದ ಡೇವಿಸ್ ಹಸುಗೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಮುಂದೆ ಲಂಡನ್ ಬಳಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೇರಿದರು. ಅವರ ತಲೆನೋವು ಬೇರೆಯೇ: ಫೋನ್ ಲೈನ್ ಮೂಲಕ ದೂರದ ಕಂಪ್ಯೂಟರ್ ಬಳಸುವವರು ಯೋಚಿಸುತ್ತಾ ಕೂತಷ್ಟು ಹೊತ್ತೂ ಲೈನ್ ಸುಮ್ಮನೆ ಬಿದ್ದಿರುತ್ತಿತ್ತು. 1965ರಲ್ಲಿ ಉಪಾಯ ಹೊಳೆಯಿತು. ಸಂದೇಶವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಅಂಟಿಸಿದರೆ, ದಾರಿಯ ಕಂಪ್ಯೂಟರ್‌ಗಳು ಅದನ್ನು ನೋಡಿ ಒಂದರಿಂದ ಒಂದಕ್ಕೆ ದಾಟಿಸಬಹುದು. ತುಂಡಿಗೆ ‘ಪ್ಯಾಕೆಟ್’ ಎಂದು ಹೆಸರಿಟ್ಟರು. ನಮ್ಮ ಭಾಷೆಯಲ್ಲಿ ಪೊಟ್ಟಣ. ನಿಮ್ಮ ಮನೆಯ ವೈಫೈ ದಾಟಿದ ಫೋಟೊ ಇಂದು ರೂಟರ್‌ನಿಂದ ರೂಟರ್‌ಗೆ ಹೋಗುವುದೂ ಹೀಗೆಯೇ.

ದೇಶವಿಡೀ ಇಂಥ ಜಾಲ ಹಾಕೋಣ ಎಂದರು ಡೇವಿಸ್. ಅದು ಆಗಲಿಲ್ಲ. ಅವರು ಕಟ್ಟಿದ್ದು ಪ್ರಯೋಗಾಲಯದ ಆವರಣದೊಳಗಿನ ಜಾಲ. ಆದರೆ 1967ರಲ್ಲಿ ಅವರ ತಂಡ ಅಮೆರಿಕದ ಸಮ್ಮೇಳನವೊಂದರಲ್ಲಿ ಈ ವಿಚಾರ ಮಂಡಿಸಿತ್ತು. ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಹಂಚಿಕೊಳ್ಳಲು ಅಲ್ಲಿ ಆರ್ಪಾನೆಟ್ ಯೋಜಿಸುತ್ತಿದ್ದವರು ಅದನ್ನು ಎತ್ತಿಕೊಂಡರು. ಇಂಟರ್ನೆಟ್ ಬೆಳೆದದ್ದು ಆ ಆರ್ಪಾನೆಟ್‌ನಿಂದ. 1969ರಲ್ಲಿ ಅದರ ಪ್ಯಾಕೆಟ್‌ಗಳು ಊರಿಂದೂರಿಗೆ ಓಡಿದವು. ಡೇವಿಸ್ ತೀರಿಕೊಂಡಿದ್ದು 2000ದಲ್ಲಿ.