ಮೊಲೊಕಾಯಿಯ ಸಂತ ಡೇಮಿಯನ್

ಬೆಲ್ಜಿಯಂ ದೇಶದ ಟ್ರೆಮೆಲೊ ಗ್ರಾಮದ ರೈತ ಕುಟುಂಬವೊಂದರಲ್ಲಿ 1840ರ ಜನವರಿ 3ರಂದು ಜನಿಸಿದ ಜೋಸೆಫ್ ದ ವ್ಯೂಸ್ಟರ್, ಮುಂದೆ ಡೇಮಿಯನ್ ಎಂಬ ಹೆಸರಿನಿಂದ ಲೋಕಪ್ರಸಿದ್ಧರಾದರು. ಯೇಸು-ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿದ ಅವರು, ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದ ಅಣ್ಣ ಪಾಂಫಿಲ್ ಕಾಯಿಲೆ ಬಿದ್ದುದರಿಂದ ಅವರ ಬದಲಿಗೆ ತಾವೇ ಹಡಗು ಹತ್ತಿ, 1864ರಲ್ಲಿ ಹೊನಲುಲುವಿನಲ್ಲಿ ಗುರುದೀಕ್ಷೆ ಪಡೆದರು. ಇಷ್ಟನ್ನು ನಮ್ಮ ಜ್ಞಾನೋಪದೇಶದ ಮಕ್ಕಳೂ ಬಲ್ಲರು. ಆದರೆ ಆ ಗುರುಗಳು ಮೊಲೊಕಾಯಿಯಲ್ಲಿ ಮದ್ದು ಹಚ್ಚಿದ್ದು ಮೈಯ ಹುಣ್ಣಿಗೆ ಮಾತ್ರವೇ ಎಂಬುದನ್ನು ನಾವು ಅಷ್ಟಾಗಿ ಯೋಚಿಸಿದವರಲ್ಲ.

1865ರಲ್ಲಿ ಹವಾಯಿಯ ಅರಸೊತ್ತಿಗೆ ಕುಷ್ಠರೋಗಿಗಳನ್ನು ಪ್ರತ್ಯೇಕಿಸುವ ಶಾಸನವನ್ನು ಮಾಡಿತು. ಮರುವರ್ಷದಿಂದ ಅವರನ್ನು ಮೊಲೊಕಾಯಿ ದ್ವೀಪದ ಕಲಾವಾವೊಗೆ ಸಾಗಿಸತೊಡಗಿದರು. ಮೂರು ಕಡೆ ಸಮುದ್ರ, ಒಂದು ಕಡೆ ಕಡಿದಾದ ಬೆಟ್ಟದ ಗೋಡೆ. ಚರ್ಮದ ಮೇಲೆ ಮಚ್ಚೆ ಕಂಡಿತೆಂದರೆ ತಾಯಿಯಿಂದ ಮಗು, ಗಂಡನಿಂದ ಹೆಂಡತಿ ಅಗಲಬೇಕು; ಮರಳಿ ಬರುವ ಆಸೆಯಿಲ್ಲ. ಅಂಥವರಿಗೆ ಸಾವಿಗಿಂತ ಮೊದಲೇ ಸಾವು ಬಂದಂತಾಯಿತು. ಇಲ್ಲಿ ಯಾವ ಕಾನೂನೂ ಇಲ್ಲವೆಂದು ಹಳಬರು ಹೊಸಬರಿಗೆ ಹೇಳುತ್ತಿದ್ದರಂತೆ. ಗಿಡದ ಬೇರಿನಿಂದ ಹೆಂಡ ಕಾಯಿಸಿ ಕುಡಿಯುವುದು, ಜೂಜು, ಬಲಹೀನರನ್ನು ದೋಚುವುದು ನಡೆದೇ ಇತ್ತು. ಇದನ್ನು ಬರಿಯ ದುರ್ನಡತೆಯೆಂದು ಬರೆದವರಿದ್ದಾರೆ. ನನಗೇನೋ ಅದು ನಿರಾಶೆಯ ರೋಗಲಕ್ಷಣವೆಂದೇ ತೋರುತ್ತದೆ.

ಜ್ವರದವನ ಜ್ವರ ಪರರಿಗೆ ಕಾಣದು. ಚರ್ಮರೋಗಿಯಾದರೋ ತನ್ನ ರೋಗವನ್ನು ದಿನವೂ ಪರರ ಮುಖದಲ್ಲಿ ಓದಬೇಕು. ಮುಖದ ಮೇಲೆ ತೊನ್ನು ಮೂಡಿದವರು, ಕೈಯಲ್ಲಿ ಸೋರಿಯಾಸಿಸ್ ಇರುವವರು ಬಲಿಪೂಜೆಗೆ ತಡವಾಗಿ ಬಂದು, ಕೊನೆಯ ಸಾಲಿನಲ್ಲಿ ನಿಂತು, ಮೊದಲೇ ಹೊರಟುಹೋಗುವುದನ್ನು ನಾನು ಈ ಗುರುಜೀವನದಲ್ಲಿ ಎಷ್ಟೋ ಬಾರಿ ಕಂಡಿದ್ದೇನೆ. ಆ ಎರಡೂ ಅಂಟುರೋಗಗಳಲ್ಲವೆಂದು ವೈದ್ಯರು ಹೇಳಿದರೂ ಪಕ್ಕದವರು ಸರಿದು ಕೂರುತ್ತಾರೆ.

1873ರ ಮೇ 10ರಂದು ಧರ್ಮಾಧ್ಯಕ್ಷ ಮೈಗ್ರೆಯವರೊಡನೆ ಕಲಾವಾವೊಗೆ ಬಂದಿಳಿದ ಡೇಮಿಯನ್ನರಿಗೆ ಆಗ 33 ವರ್ಷ. ಮೊದಲ ಕೆಲವು ರಾತ್ರಿಗಳನ್ನು ಅವರು ಕಳೆದದ್ದು ಒಂದು ಕೇದಗೆ ಜಾತಿಯ ಮರದ ಕೆಳಗೆ. ಹುಣ್ಣುಗಳ ದುರ್ಗಂಧ ತಾಳಲಾರದೆ ಪೈಪು ಸೇದುವುದನ್ನು ರೂಢಿಸಿಕೊಂಡರೇ ಹೊರತು ದೂರ ಸರಿಯಲಿಲ್ಲ. ಗಾಯ ತೊಳೆದರು, ರೋಗಿಗಳ ತಟ್ಟೆಯಲ್ಲೇ ಉಂಡರು. ಪ್ರಸಂಗದಲ್ಲಿ ಕುಷ್ಠರೋಗಿಗಳನ್ನು ಕುರಿತು ಹೇಳುವಾಗ, ತಾವಿನ್ನೂ ನಿರೋಗಿಯಾಗಿದ್ದಾಗಲೇ, ನಾವು ಎಂದು ತಮ್ಮನ್ನೂ ಸೇರಿಸಿಕೊಂಡರು. ಅಲ್ಲಿಯವರೆಗೆ ಎಷ್ಟೋ ಹೆಣಗಳನ್ನು ಪೆಟ್ಟಿಗೆಯಿಲ್ಲದೆ ಆಳವಿಲ್ಲದ ಗುಂಡಿಗಳಲ್ಲಿ ಹೂಳುತ್ತಿದ್ದರು. ಡೇಮಿಯನ್ನರು ಸಮಾಧಿಭೂಮಿಗೆ ಬೇಲಿ ಹಾಕಿ, ನೂರಾರು ಶವಪೆಟ್ಟಿಗೆಗಳನ್ನು ತಮ್ಮ ಕೈಯಾರೆ ಮಾಡಿದರು. ಅಂತ್ಯಕ್ರಿಯೆಗೆಂದು ಸಂಘಗಳನ್ನು ಕಟ್ಟಿದರು. ತಾನು ಸತ್ತಾಗ ಮೆರವಣಿಗೆಯಲ್ಲಿ ಒಯ್ಯುವವರಿದ್ದಾರೆಂಬ ಭರವಸೆ ಬದುಕಿರುವವನಿಗೆ ಎಂಥ ಔಷಧವೆಂಬುದು ಹಾಸಿಗೆ ಹಿಡಿದವರ ಬಳಿ ಕುಳಿತವರಿಗೆ ಗೊತ್ತು. ಮನೆಗಳು, ನೀರಿನ ಕೊಳವೆ, ಸಂತ ಫಿಲೋಮಿನಾ ದೇವಾಲಯದ ವಿಸ್ತರಣೆ, ಅನಾಥ ಮಕ್ಕಳ ವಸತಿ ಎಲ್ಲದರಲ್ಲೂ ರೋಗಿಗಳನ್ನೇ ಕೆಲಸಕ್ಕೆ ಸೇರಿಸಿಕೊಂಡರು. ಗಾಯಕವೃಂದವಿತ್ತು, ವಾದ್ಯಮೇಳವಿತ್ತು. ಬೆರಳುಗಳುದುರಿದ ಇಬ್ಬರು ಒಟ್ಟಿಗೆ ಕುಳಿತು, ಇಬ್ಬರಲ್ಲೂ ಉಳಿದಿದ್ದ ಹತ್ತು ಬೆರಳುಗಳಿಂದ ಆರ್ಗನ್ ನುಡಿಸುತ್ತಿದ್ದರೆಂದು ಅವರ ಚರಿತ್ರೆಯಲ್ಲಿ ಬರುತ್ತದೆ.

ಅವರ ಸ್ವಂತ ಮನಸ್ಸಿನ ಮಾತು ಬೇರೆ. ಪಾಪನಿವೇದನೆ ಕೇಳಲು ಇನ್ನೊಬ್ಬ ಗುರುವಿಲ್ಲದ ಒಂಟಿತನವೇ ಅವರನ್ನು ಹೆಚ್ಚಾಗಿ ಹಿಂಡಿದ್ದು. ಒಮ್ಮೆ ಮೇಲಧಿಕಾರಿಯವರನ್ನು ದಡಕ್ಕಿಳಿಸಲು ಹಡಗಿನ ಕಪ್ತಾನನು ಒಪ್ಪದಿದ್ದಾಗ, ದೋಣಿಯಲ್ಲಿ ನಿಂತು ಫ್ರೆಂಚ್ ಭಾಷೆಯಲ್ಲಿ ಕೂಗಿ ಪಾಪನಿವೇದನೆ ಮಾಡಿಕೊಂಡರು. 1884ರ ಡಿಸೆಂಬರಿನಲ್ಲಿ ಕಾಲನ್ನು ಕುದಿನೀರಿಗೆ ಇಟ್ಟರೂ ಬಿಸಿ ತಾಗಲಿಲ್ಲ. ರೋಗ ನರಗಳಿಗೆ ಇಳಿದಿತ್ತು. ಅನಂತರದ ವರ್ಷಗಳಲ್ಲಿ ವಿಷಣ್ಣತೆ ಅವರನ್ನೂ ಕವಿಯಿತು. ಸಂತರಿಗೆ ಹೀಗಾಗಬಾರದೆಂದು ತಿಳಿಯುವ ಭಕ್ತರಿದ್ದಾರೆ. ಗೆತ್ಸೆಮನಿ ತೋಟವನ್ನು ಅವರು ಮರೆತಿರಬೇಕು. 1888ರ ನವೆಂಬರಿನಲ್ಲಿ ಮದರ್ ಮೇರಿಯಾನ್ ಕೋಪ್ ತಮ್ಮ ಸಹೋದರಿಯರೊಡನೆ ಬಂದ ಮೇಲೆ ಸ್ವಲ್ಪ ನೆಮ್ಮದಿಯಾಯಿತು. 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ಡೇಮಿಯನ್ನರು ತೀರಿಕೊಂಡರು.

ಸತ್ತ ಮೇಲೂ ರೋಗದ ಕಳಂಕ ಬಿಡಲಿಲ್ಲ. ಕುಷ್ಠವು ಲೈಂಗಿಕ ರೋಗದ ಒಂದು ಹಂತವೆಂದು ನಂಬಿದ್ದ ವೈದ್ಯರು ಆ ಕಾಲದಲ್ಲಿದ್ದರು. ಆದ್ದರಿಂದ ಮೈಯ ಮಚ್ಚೆ ಕಂಡವರು ನಡತೆಯನ್ನೂ ಶಂಕಿಸುತ್ತಿದ್ದರು. ಹೊನಲುಲುವಿನ ಪಾದ್ರಿ ಹೈಡ್ ಎಂಬವರು ಡೇಮಿಯನ್ನರ ಶೀಲದ ಮೇಲೆ ಹೊರಿಸಿದ ಆರೋಪಕ್ಕೆ 1890ರಲ್ಲಿ ಬಹಿರಂಗ ಪತ್ರದ ಮೂಲಕ ಉತ್ತರ ಕೊಟ್ಟವನು ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್. ಅವನು ಕಥೋಲಿಕನಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ತೆರೆದದ್ದೂ ಅದೇ ವರ್ಷ.

ಡೇಮಿಯನ್ನರು ಮೊಲೊಕಾಯಿಗೆ ಹೋದ 1873ರಲ್ಲೇ ನಾರ್ವೆಯ ವೈದ್ಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಕಂಡಿದ್ದರು. ಗುಣಪಡಿಸುವ ಮದ್ದು ದೊರೆತದ್ದು 1940ರ ದಶಕದಲ್ಲಿ. ಆದರೂ ಹವಾಯಿಯಲ್ಲಿ ಪ್ರತ್ಯೇಕಿಸುವ ಕಾನೂನು 1969ರವರೆಗೆ ಉಳಿದಿತ್ತು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಡೇಮಿಯನ್ನರನ್ನು ಸಂತ ಪದವಿಗೇರಿಸಿದರು. ಅವರ ಪಾರ್ಥಿವ ಶರೀರವನ್ನು 1936ರಲ್ಲೇ ಬೆಲ್ಜಿಯಂನ ಲೂವೆನ್ ನಗರಕ್ಕೆ ಒಯ್ದಿದ್ದರು. 1995ರಲ್ಲಿ ಅವರಿಗೆ ಧನ್ಯರ ಪದವಿ ದೊರೆತಾಗ, ಗಾಯ ತೊಳೆದ ಆ ಬಲಗೈಯನ್ನು ಮೊಲೊಕಾಯಿಗೆ ಮರಳಿಸಿ, ಕಲಾವಾವೊದ ಹಳೆಯ ಸಮಾಧಿಯಲ್ಲಿ ಹೂಳಿದರು.