33ನೇ ಬೀದಿಯ ಸನ್ಯಾಸಿ

ನ್ಯೂಜೆರ್ಸಿಯಿಂದ ಪಾತ್ ರೈಲು ಹಿಡಿದು ಮ್ಯಾನ್‌ಹಟನ್ನಿಗೆ ಹೋಗುವವರಿಗೆಲ್ಲ 33ನೇ ಬೀದಿಯ ನಿಲ್ದಾಣ ಪರಿಚಿತ. ಮೆಟ್ಟಿಲು ಹತ್ತಿ ಹೊರಗೆ ಬಂದು ಪೂರ್ವಕ್ಕೆ ನಡೆದರೆ ಎಂಪೈರ್ ಸ್ಟೇಟ್ ಕಟ್ಟಡ ಸಿಗುತ್ತದೆ. ಆ ಕಟ್ಟಡ 1931ರಲ್ಲಿ ತಲೆ ಎತ್ತುವುದಕ್ಕೆ ಎಷ್ಟೋ ವರ್ಷ ಮೊದಲು, 1895ರ ಚಳಿಗಾಲದಲ್ಲಿ, ಇದೇ ಬೀದಿಯ ಪಶ್ಚಿಮ ಭಾಗದ 54ನೇ ನಂಬರಿನ ಮನೆಯ ಮಹಡಿಯಲ್ಲಿ 32 ವರ್ಷದ ಭಾರತೀಯ ಸನ್ಯಾಸಿಯೊಬ್ಬರು ಬಾಡಿಗೆಗೆ ಇದ್ದರು. ಆಗ ಅದು ದೊಡ್ಡ ಮನುಷ್ಯರು ಬಂದುಹೋಗುವ ಜಾಗವಾಗಿರಲಿಲ್ಲ. ಆದರೂ ಪಾಠ ಕೇಳಲು ಜನ ಬರುತ್ತಿದ್ದರು. ಕುರ್ಚಿ ತುಂಬಿದ ಮೇಲೆ ನೆಲದ ಮೇಲೆ, ನೆಲ ತುಂಬಿದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವರೇ ಸ್ವಾಮಿ ವಿವೇಕಾನಂದರು.

ಅವರ ಚಿಕಾಗೋ ಭಾಷಣದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಪ್ರತಿ ವರ್ಷ ಜನವರಿ ತಿಂಗಳಲ್ಲಿ ಯಾರಾದರೊಬ್ಬರು ಕೇಸರಿ ಪೇಟ ಸುತ್ತಿಕೊಂಡು ವೇದಿಕೆ ಹತ್ತಿಯೇ ಹತ್ತುತ್ತಾರೆ. ಅದನ್ನು ಮತ್ತೆ ಹೇಳುವುದು ನನ್ನ ಉದ್ದೇಶವಲ್ಲ. ಇಲ್ಲಿನ ಶಾಲೆಗಳಲ್ಲಿ ನಮ್ಮ ಮಕ್ಕಳನ್ನು ಜೊತೆಯ ಹುಡುಗರು ನಿಮ್ಮದು ಯಾವ ಧರ್ಮ, ನೀನು ಏನನ್ನು ನಂಬುತ್ತೀಯ ಎಂದು ಕೇಳುತ್ತಾರೆ. ಮನೆಗೆ ಬಂದು ಮಕ್ಕಳು ಅದೇ ಪ್ರಶ್ನೆಯನ್ನು ಅಪ್ಪ ಅಮ್ಮನಿಗೆ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ, ಗದರಿಕೆ ಸಿಗುತ್ತದೆ. ಅದಕ್ಕಾಗಿ ಈ ಸಲ ವಿವೇಕಾನಂದರು ಯಾವ ಮನೆಯಲ್ಲಿ ಬೆಳೆದರು, ಏನನ್ನು ನಂಬಿದರು, ಏನನ್ನು ನಂಬದೆ ಎಷ್ಟು ವರ್ಷ ಹಟ ಹಿಡಿದರು ಎಂಬುದನ್ನು ಮಾತ್ರ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1863ರ ಜನವರಿ 12ರಂದು, ಕಲ್ಕತ್ತಾ ನಗರದ ಸಿಮ್ಲಾ ಬಡಾವಣೆಯ ದತ್ತರ ಮನೆಯಲ್ಲಿ. ತಾತ ದುರ್ಗಾಪ್ರಸಾದ ದತ್ತರು ಮಗ ಹುಟ್ಟಿದ ಮೇಲೆ ಮನೆ ಬಿಟ್ಟು ಸನ್ಯಾಸಿಯಾಗಿ ಹೋದವರು. ತಂದೆ ವಿಶ್ವನಾಥ ದತ್ತರದು ಅದಕ್ಕೆ ತದ್ವಿರುದ್ಧ ಸ್ವಭಾವ. ಹೈಕೋರ್ಟಿನ ವಕೀಲರು, ಕೈತುಂಬ ಸಂಪಾದನೆ, ಅಷ್ಟೇ ಧಾರಾಳ ಖರ್ಚು. ಪಾರಸಿ ಕವಿ ಹಾಫಿಜನ ಕಾವ್ಯವನ್ನೂ ಬೈಬಲ್ಲನ್ನೂ ಇಷ್ಟಪಟ್ಟು ಓದುತ್ತಿದ್ದರು. ಕಕ್ಷಿದಾರರಲ್ಲಿ ಮುಸಲ್ಮಾನರೂ ಇದ್ದರು. ತಾಯಿ ಭುವನೇಶ್ವರಿ ದೇವಿ ಮಾತ್ರ ವ್ರತ ನೇಮಗಳ ಹೆಂಗಸು, ಶಿವನ ಭಕ್ತೆ. ಗಂಡು ಮಗು ಬೇಕೆಂದು ಕಾಶಿಯಲ್ಲಿದ್ದ ಬಂಧುವಿನ ಕೈಯಲ್ಲಿ ವೀರೇಶ್ವರ ಶಿವನಿಗೆ ಪೂಜೆ ಮಾಡಿಸಿದ್ದರು. ಹಾಗಾಗಿ ಮಗುವಿಗೆ ಮೊದಲು ಇಟ್ಟ ಹೆಸರು ವೀರೇಶ್ವರ. ಆಮೇಲೆ ನರೇಂದ್ರನಾಥನಾದ, ಮನೆಯವರ ಬಾಯಲ್ಲಿ ನರೇನ್. ಒಂದೇ ಸೂರಿನ ಕೆಳಗೆ ಹೀಗೆ ಎರಡು ಬಗೆಯ ನಂಬಿಕೆಗಳಿದ್ದವು. ಹುಡುಗ ಎರಡನ್ನೂ ನೋಡುತ್ತ ಬೆಳೆದ. ಅಮ್ಮನಿಂದ ರಾಮಾಯಣ ಮಹಾಭಾರತದ ಕಥೆ ಕೇಳಿದ, ಅಪ್ಪನಿಂದ ಯಾರ ಎದುರಿಗೂ ಅಂಜದೆ ಮಾತಾಡುವುದನ್ನು ಕಲಿತ.

ಅವನ ಬಾಲ್ಯದ ಕಥೆಗಳು ತುಂಬ ಇವೆ. ನನಗೆ ಇಷ್ಟವಾದ ಎರಡನ್ನು ಹೇಳುತ್ತೇನೆ. ನರೇನ್ ಸೀತಾರಾಮರ ಮಣ್ಣಿನ ಮೂರ್ತಿಯನ್ನು ತಂದು ಪೂಜೆ ಮಾಡುತ್ತಿದ್ದ. ಮನೆಯ ಸಾರೋಟಿನ ಗಾಡಿಯವನು ಅವನಿಗೆ ಬಹಳ ಸ್ನೇಹಿತ. ಆತ ಒಂದು ದಿನ ಮದುವೆಯಾಗುವುದರಷ್ಟು ಕಷ್ಟ ಬೇರೆ ಇಲ್ಲವೆಂದು ತನ್ನ ಗೋಳು ಹೇಳಿಕೊಂಡ. ಹುಡುಗನಿಗೆ ಪೇಚಾಟಕ್ಕಿಟ್ಟುಕೊಂಡಿತು. ರಾಮ ಮದುವೆಯಾದವನಲ್ಲವೇ? ಅಮ್ಮನ ಮುಂದೆ ಅತ್ತ. ಆಕೆ ಬಯ್ಯಲಿಲ್ಲ, ಬೇಕಾದರೆ ಶಿವನನ್ನು ಪೂಜಿಸು ಎಂದಳು. ಅವನು ಸೀತಾರಾಮರ ಮೂರ್ತಿಯನ್ನು ಮಾಳಿಗೆಯಿಂದ ಬೀದಿಗೆ ಹಾಕಿ, ಆ ಜಾಗದಲ್ಲಿ ಶಿವನನ್ನು ಕೂರಿಸಿದ. (ಶಿವನಿಗೂ ಮದುವೆಯಾಗಿದೆಯೆಂದು ಯಾರೂ ನೆನಪಿಸಿದಂತೆ ಕಾಣುವುದಿಲ್ಲ!) ಇನ್ನೊಂದು ಕಥೆ ಹುಕ್ಕಾದ್ದು. ತಂದೆಯ ಕಕ್ಷಿದಾರರಿಗಾಗಿ ಹಜಾರದಲ್ಲಿ ಒಂದೊಂದು ಜಾತಿಗೆ ಒಂದೊಂದು ಹುಕ್ಕಾ ಇಟ್ಟಿರುತ್ತಿದ್ದರು. ಒಬ್ಬರದನ್ನು ಇನ್ನೊಬ್ಬರು ಸೇದಿದರೆ ಜಾತಿ ಕೆಡುತ್ತದೆಂದು ಕೇಳಿದ ಹುಡುಗ, ಯಾರೂ ಇಲ್ಲದ ಹೊತ್ತು ನೋಡಿ ಎಲ್ಲವನ್ನೂ ಒಂದೊಂದು ದಮ್ಮು ಎಳೆದು ಏನಾಗುತ್ತದೆ ನೋಡೋಣವೆಂದು ಕಾದ. ಏನೂ ಆಗಲಿಲ್ಲ. ತಂದೆ ನೋಡಿ ನಕ್ಕರು. ಮಕ್ಕಳೇ, ಹುಕ್ಕಾ ಸೇದುವುದನ್ನು ಕಲಿಯಲು ಈ ಕಥೆ ಹೇಳಲಿಲ್ಲ!

ಕಾಲೇಜಿಗೆ ಬಂದ ಮೇಲೆ ನರೇಂದ್ರನ ಪ್ರಶ್ನೆಗಳು ಗಟ್ಟಿಯಾದವು. ಸ್ಕಾಟ್ಲೆಂಡಿನ ಪಾದ್ರಿಗಳು ನಡೆಸುತ್ತಿದ್ದ ಜನರಲ್ ಅಸೆಂಬ್ಲಿ ಸಂಸ್ಥೆಯಲ್ಲಿ ಓದಿದ. ಹ್ಯೂಮ್, ಮಿಲ್, ಸ್ಪೆನ್ಸರ್ ಮೊದಲಾದವರ ತತ್ತ್ವಶಾಸ್ತ್ರ ಓದಿದ ಮೇಲೆ ಅಮ್ಮನ ದೇವರು ಅವನ ಕೈಗೆ ಸಿಗದೆ ಹೋದ. ಆಗಿನ ವಿದ್ಯಾವಂತ ತರುಣರಂತೆ ಅವನೂ ಬ್ರಹ್ಮ ಸಮಾಜದ ಕಡೆ ತಿರುಗಿದ. ನಿರಾಕಾರ ದೇವರೊಬ್ಬನನ್ನೇ ಒಪ್ಪಿ, ವಿಗ್ರಹ ಪೂಜೆಯನ್ನೂ ಜಾತಿ ಭೇದವನ್ನೂ ಬಿಟ್ಟ ಸಮಾಜವದು. ಅದರ ಸಾಧಾರಣ ಬ್ರಹ್ಮ ಸಮಾಜವೆಂಬ ಶಾಖೆಯ ಸದಸ್ಯತ್ವದ ಪತ್ರಕ್ಕೆ ಸಹಿ ಹಾಕಿದ. ಇಂಪಾದ ಕಂಠ, ಪ್ರಾರ್ಥನೆಯಲ್ಲಿ ಹಾಡುತ್ತಿದ್ದ. ಆದರೆ ಹಾಡಿಗಷ್ಟೇ ತೃಪ್ತಿಯಾಗದೆ, ಬ್ರಹ್ಮ ಸಮಾಜದ ಹಿರಿಯರಾದ ದೇವೇಂದ್ರನಾಥ ಠಾಕೂರರನ್ನೇ ಕಂಡು ನೀವು ದೇವರನ್ನು ನೋಡಿದ್ದೀರಾ ಎಂದು ಕೇಳಿದ. ನೇರವಾದ ಉತ್ತರ ಸಿಗಲಿಲ್ಲ.

ದಕ್ಷಿಣೇಶ್ವರದ ಕಾಳಿ ದೇವಸ್ಥಾನದಲ್ಲಿ ರಾಮಕೃಷ್ಣರೆಂಬ ಪೂಜಾರಿಯಿದ್ದಾರೆಂಬುದು ಅವನ ಕಿವಿಗೆ ಬಿದ್ದದ್ದು ಕ್ರೈಸ್ತ ಪಾದ್ರಿಯೊಬ್ಬರಿಂದಲೇ ಎಂಬುದನ್ನು ಗಮನಿಸಬೇಕು. ಪ್ರಿನ್ಸಿಪಾಲ್ ವಿಲಿಯಂ ಹೇಸ್ಟಿಯವರು ತರಗತಿಯಲ್ಲಿ ವರ್ಡ್ಸ್‌ವರ್ತ್ ಕವಿಯ ಕಾವ್ಯ ಪಾಠ ಮಾಡುತ್ತ, ಕವಿ ಹೇಳುವ ಭಾವಸಮಾಧಿಯನ್ನು ಕಣ್ಣಾರೆ ಕಾಣಬೇಕಿದ್ದರೆ ಅಲ್ಲಿಗೆ ಹೋಗಿ ಎಂದು ಹುಡುಗರಿಗೆ ತಿಳಿಸಿದರು. 1881ರಲ್ಲಿ ಇಬ್ಬರ ಭೇಟಿಯಾಯಿತು. ಅದೇ ಪ್ರಶ್ನೆಗೆ ರಾಮಕೃಷ್ಣರು ತಡವರಿಸದೆ ಹೌದೆಂದರು.

ಇಲ್ಲಿಗೆ ನರೇಂದ್ರ ಒಲಿದುಬಿಟ್ಟ ಎಂದು ಅನೇಕ ಪುಸ್ತಕಗಳಲ್ಲಿ ಮುಗಿಸಿಬಿಡುತ್ತಾರೆ. ನಿಜಸಂಗತಿ ಹಾಗಿಲ್ಲ. ಮೊದಲು ಅವರನ್ನು ಹುಚ್ಚರೆಂದೇ ತಿಳಿದ. ಕಾಳಿಯ ವಿಗ್ರಹಕ್ಕೆ ಕೈಮುಗಿಯಲು ಒಪ್ಪಲಿಲ್ಲ. ಎಲ್ಲವೂ ಬ್ರಹ್ಮವೆಂಬ ಅದ್ವೈತವನ್ನು ಕೇಳಿದಾಗ, ಹಾಗಾದರೆ ಈ ಚೊಂಬೂ ದೇವರು, ಈ ಬಟ್ಟಲೂ ದೇವರೇ ಎಂದು ಗೇಲಿ ಮಾಡಿದ. ಹಣ ಮುಟ್ಟಿದರೆ ರಾಮಕೃಷ್ಣರಿಗೆ ಮೈ ನೋಯುತ್ತದೆಂಬ ಮಾತನ್ನು ನಂಬದೆ, ಅವರಿಲ್ಲದಾಗ ಹಾಸಿಗೆಯ ಕೆಳಗೆ ಒಂದು ರೂಪಾಯಿ ಬಚ್ಚಿಟ್ಟು ಪರೀಕ್ಷೆ ಮಾಡಿದ. ಗುರುಗಳು ಸಿಟ್ಟಾಗಲಿಲ್ಲ, ಸಂತೋಷವೇ ಪಟ್ಟರು. ನಾಣ್ಯವನ್ನು ಬಡಿದು ನೋಡಿ ತೆಗೆದುಕೊಳ್ಳುವ ಶಿಷ್ಯ ಅವರಿಗೆ ಬೇಕಾಗಿದ್ದ. ಸ್ವತಃ ಅವರೂ ಇಸ್ಲಾಂ ಮತ್ತು ಕ್ರೈಸ್ತ ಮಾರ್ಗಗಳನ್ನು ಆಚರಿಸಿ ನೋಡಿದವರು.

1884ರ ಫೆಬ್ರವರಿಯಲ್ಲಿ ತಂದೆ ಹಠಾತ್ತನೆ ತೀರಿಕೊಂಡರು. ಧಾರಾಳತನದ ಬೆಲೆ ಆಗ ತಿಳಿಯಿತು. ಮನೆಯ ಮೇಲೆ ಸಾಲವಿತ್ತು. ನೆಂಟರು ಆಸ್ತಿಗಾಗಿ ಕೋರ್ಟಿಗೆ ಹೋದರು. ಬಿ.ಎ. ಓದಿದ ಹಿರಿಯ ಮಗ ಕೆಲಸಕ್ಕಾಗಿ ಬರಿಗಾಲಲ್ಲಿ ಕಛೇರಿ ಕಛೇರಿ ಅಲೆದ. ಮನೆಯಲ್ಲಿ ಎಲ್ಲರಿಗೂ ಸಾಲುವಷ್ಟು ಊಟವಿಲ್ಲದ ದಿನ, ಸ್ನೇಹಿತರ ಮನೆಯಲ್ಲಿ ಊಟಕ್ಕೆ ಕರೆದಿದ್ದಾರೆಂದು ತಾಯಿಗೆ ಸುಳ್ಳು ಹೇಳಿ ಹಸಿದೇ ಇರುತ್ತಿದ್ದ. ದೇವರಿಲ್ಲವೆಂದು ಸ್ನೇಹಿತರೆದುರು ಬಾಯಿಬಿಟ್ಟು ವಾದಿಸಿದ. ನರೇನ್ ನಾಸ್ತಿಕನಾದನೆಂದು ಊರಲ್ಲಿ ಸುದ್ದಿ ಹಬ್ಬಿತು. ಇಂಥ ಕಾಲದಲ್ಲಿ ಅವನು ರಾಮಕೃಷ್ಣರ ಹತ್ತಿರ ಹೋಗಿ, ನಮ್ಮ ಮನೆಯ ಕಷ್ಟ ನೀಗುವಂತೆ ಕಾಳಿಗೆ ಹೇಳಿ ಎಂದು ಬೇಡಿಕೊಂಡ. ನೀನೇ ಹೋಗಿ ಕೇಳು ಎಂದು ಅವರು ಗುಡಿಗೆ ಕಳಿಸಿದರು. ಮೂರು ಸಲ ಒಳಗೆ ಹೋದ. ಮೂರು ಸಲವೂ ವಿವೇಕ, ವೈರಾಗ್ಯ, ಜ್ಞಾನ, ಭಕ್ತಿ ಕೊಡೆಂದು ಕೇಳಿ ಹಣ ಕೇಳಲಾಗದೆ ಹಿಂತಿರುಗಿದ. ಕೊನೆಗೆ ಗುರುಗಳು, ಮನೆಯವರಿಗೆ ಊಟ ಬಟ್ಟೆಗೆ ಕೊರತೆಯಾಗದೆಂದು ಭರವಸೆ ಕೊಟ್ಟರು. ವಿಗ್ರಹಕ್ಕೆ ಕೈಮುಗಿಯದಿದ್ದ ಹುಡುಗ ಆ ರಾತ್ರಿಯೆಲ್ಲ ಕಾಳಿಯ ಹಾಡು ಹಾಡುತ್ತಿದ್ದನಂತೆ.

1886ರ ಆಗಸ್ಟ್ 16ರಂದು ರಾಮಕೃಷ್ಣರು ದೇಹ ಬಿಟ್ಟರು. ಅದೇ ವರ್ಷದ ಕೊನೆಗೆ ನರೇಂದ್ರನೂ ಸಂಗಡಿಗರೂ ಆಂಟ್ಪುರವೆಂಬ ಹಳ್ಳಿಯಲ್ಲಿ ರಾತ್ರಿ ಬೆಂಕಿಯ ಸುತ್ತ ಕೂತು ಸನ್ಯಾಸಿಗಳಾಗಲು ಸಂಕಲ್ಪ ಮಾಡಿದರು. ಅಂದು ನರೇಂದ್ರ ಹೇಳಿದ್ದು ಏಸುವಿನ ಜೀವನ. ಆಮೇಲೆ ನೋಡಿದರೆ ಅದು ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ! ಇಂದಿಗೂ ರಾಮಕೃಷ್ಣ ಮಠಗಳಲ್ಲಿ ಆ ಸಂಜೆ ಏಸುವಿಗೆ ಪೂಜೆ ನಡೆಯುತ್ತದೆ. ಪರಿವ್ರಾಜಕರಾಗಿ ದೇಶ ಸುತ್ತುವಾಗ ಸ್ವಾಮೀಜಿಯ ಗಂಟಿನಲ್ಲಿದ್ದ ಪುಸ್ತಕಗಳು ಎರಡು: ಭಗವದ್ಗೀತೆ, ಮತ್ತು ಕ್ರಿಸ್ತನ ಅನುಕರಣೆಯನ್ನು ಕುರಿತ ಹಳೆಯ ಕ್ರೈಸ್ತ ಗ್ರಂಥವೊಂದು.

1892ರಲ್ಲಿ ಅವರು ನಮ್ಮ ನಾಡಿಗೂ ಬಂದರು. ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ಭಾಟೆ ಎಂಬ ವಕೀಲರ ಮನೆಯಲ್ಲಿ, ನಂತರ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ತಂಗಿದ್ದರು. ಊಟವಾದ ಮೇಲೆ ಸನ್ಯಾಸಿ ಎಲೆಯಡಿಕೆ ಕೇಳಿದ್ದು, ಮುಸಲ್ಮಾನರ ಮನೆಯಲ್ಲೂ ಉಂಡಿದ್ದೇನೆಂದು ಹೇಳಿದ್ದು ಭಾಟೆಯವರ ಮನೆಯವರಿಗೆ ಆಶ್ಚರ್ಯ ತಂದಿತ್ತು. ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾದರು. ಸಂಸ್ಥಾನದ ಕೌನ್ಸಿಲರ್ ಅಬ್ದುಲ್ ರಹಮಾನ್ ಸಾಹೇಬರು ಕುರಾನಿನ ಕೆಲವು ವಿಷಯಗಳ ಬಗ್ಗೆ ಈ ಹಿಂದೂ ಸನ್ಯಾಸಿಯ ಬಳಿ ಚರ್ಚಿಸಿದರು. ಮಹಾರಾಜ ಚಾಮರಾಜೇಂದ್ರ ಒಡೆಯರು ಪಾದಪೂಜೆ ಮಾಡುತ್ತೇನೆಂದಾಗ ಒಪ್ಪಲಿಲ್ಲ. ಅವರ ದನಿಯನ್ನು ಫೋನೋಗ್ರಾಫಿನಲ್ಲಿ ಹಿಡಿದಿಟ್ಟಿದ್ದರು, ಅದು ಉಳಿದಿಲ್ಲ. ಮುಂದೆ ಅಮೆರಿಕಾ ಪ್ರಯಾಣಕ್ಕೆ ಮದ್ರಾಸಿನಲ್ಲಿ ಮನೆಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳರೂ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು, ನನ್ನಂತೆ ಮೇಷ್ಟರ ಕೆಲಸದವರು.

1893ರ ಸೆಪ್ಟೆಂಬರಿನಲ್ಲಿ ಚಿಕಾಗೋ. 1894ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ವೇದಾಂತ ಸೊಸೈಟಿಯ ಸ್ಥಾಪನೆ. ಅದಾದ ಮೇಲೆ ಬಂದದ್ದೇ 33ನೇ ಬೀದಿಯ ಮನೆ.

ಈ ಮನೆಯ ಪಾಠಗಳಿಗೆ ಶುಲ್ಕವಿರಲಿಲ್ಲ. ಬೇರೆ ಕಡೆ ಭಾರತದ ಬಗ್ಗೆ ಉಪನ್ಯಾಸ ಕೊಟ್ಟು ಬಂದ ಹಣದಲ್ಲಿ ಬಾಡಿಗೆ ಕಟ್ಟುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ಚರ್ಚಿನಲ್ಲಿ ಬೆಳೆದವರು. ಅವರಾರಿಗೂ ಚರ್ಚನ್ನು ಬಿಡಿ, ಹಿಂದೂಗಳಾಗಿ ಎಂದು ಸ್ವಾಮೀಜಿ ಹೇಳಲಿಲ್ಲ. ಕ್ರೈಸ್ತರು ಒಳ್ಳೆಯ ಕ್ರೈಸ್ತರಾಗಲಿ ಎಂಬುದೇ ಅವರ ನಿಲುವಾಗಿತ್ತು. ಆ ವರ್ಷದ ಬೇಸಿಗೆಯಲ್ಲಿ ಕೆನಡಾ ಗಡಿಯ ಹತ್ತಿರದ ಥೌಸಂಡ್ ಐಲೆಂಡ್ ಪಾರ್ಕಿನಲ್ಲಿ, ಶಿಷ್ಯೆಯೊಬ್ಬರ ಮನೆಯಲ್ಲಿ ಏಳು ವಾರ ಇದ್ದು ಹನ್ನೆರಡು ಮಂದಿಗೆ ಪಾಠ ಮಾಡಿದರು. ಮೊದಲ ದಿನ ಅವರು ಕೈಯಲ್ಲಿ ಹಿಡಿದು ಬಂದ ಪುಸ್ತಕ ಗೀತೆಯಲ್ಲ, ಉಪನಿಷತ್ತೂ ಅಲ್ಲ. ಬೈಬಲ್ಲಿನಿಂದ ಯೋಹಾನನ ಸುವಾರ್ತೆಯನ್ನು ತೆಗೆದು ಪಾಠ ಆರಂಭಿಸಿದರು. ಕೇಳುವವನಿಗೆ ಗೊತ್ತಿರುವುದರಿಂದ ಗೊತ್ತಿಲ್ಲದುದಕ್ಕೆ ಕರೆದೊಯ್ಯಬೇಕೆಂದು ಬಿ.ಎಡ್. ತರಗತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಚಳಿಗಾಲಕ್ಕೆ ಮತ್ತೆ ಮ್ಯಾನ್‌ಹಟನ್, ಈ ಸಲ 39ನೇ ಬೀದಿ. ಗುಡ್ವಿನ್ ಎಂಬ ಇಂಗ್ಲಿಷ್ ಶೀಘ್ರಲಿಪಿಕಾರರನ್ನು ಶಿಷ್ಯರು ಸಂಬಳಕ್ಕೆ ಗೊತ್ತುಮಾಡಿದರು. ಸ್ವಲ್ಪ ದಿನದಲ್ಲೇ ಗುಡ್ವಿನ್ನರು ಭಕ್ತರಾಗಿ, ಸಂಬಳವನ್ನೇ ಬಿಟ್ಟರು. ಸ್ವಾಮೀಜಿಯ ಎಷ್ಟೋ ಉಪನ್ಯಾಸಗಳು ನಮಗೆ ಉಳಿದಿರುವುದು ಅವರ ಬರವಣಿಗೆಯಿಂದ.

ಎಲ್ಲರೂ ಮೆಚ್ಚಿದರೆಂದು ತಿಳಿಯಬೇಡಿ. ಇಲ್ಲಿನ ಮಿಷನರಿಗಳು ಅವರನ್ನು ವಿರೋಧಿಸಿದರು. ಬ್ರಹ್ಮ ಸಮಾಜದ ಇನ್ನೊಂದು ಶಾಖೆಯ ನಾಯಕ ಪ್ರತಾಪಚಂದ್ರ ಮಜುಂದಾರರು ಕಲ್ಕತ್ತೆಯಲ್ಲಿ ಅವರ ವಿರುದ್ಧ ಮಾತನಾಡಿದರು. ಸಂಪ್ರದಾಯಸ್ಥ ಹಿಂದೂಗಳಂತೂ ಸಮುದ್ರ ದಾಟಿದವನು, ಮ್ಲೇಚ್ಛರೊಡನೆ ಉಂಡವನು, ಕಾಯಸ್ಥ ಕುಲದವನಿಗೆ ಸನ್ಯಾಸದ ಅಧಿಕಾರವೆಲ್ಲಿ ಎಂದು ತಕರಾರು ತೆಗೆದರು. ಒಬ್ಬರಿಗೆ ಅವರು ತೀರ ಹಿಂದೂ, ಇನ್ನೊಬ್ಬರಿಗೆ ಸಾಲದಷ್ಟು ಹಿಂದೂ. ಎರಡು ನಾಡುಗಳ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಫಜೀತಿ ಹೊಸದೇನಲ್ಲ.

ಅವರ ಸ್ವಂತ ನಂಬಿಕೆ ಒಂದು ಚೌಕಟ್ಟಿನಲ್ಲಿ ನಿಲ್ಲುವಂಥದ್ದಲ್ಲ. ನ್ಯೂಯಾರ್ಕಿನಲ್ಲಿ ಅವರು ಹೆಚ್ಚಾಗಿ ಬೋಧಿಸಿದ್ದು ನಿರಾಕಾರದ ಅದ್ವೈತ. ಕಾಳಿಯ ಮಾತು ಅಪರೂಪ. ಆದರೆ 1898ರಲ್ಲಿ ಕಾಶ್ಮೀರಕ್ಕೆ ಹೋದಾಗ ಅಮರನಾಥದಲ್ಲಿ ಶಿವನ ಮುಂದೆ ಮೈಮರೆತರು, ಕ್ಷೀರಭವಾನಿಯಲ್ಲಿ ದೇವಿಗೆ ಪಾಯಸ ಮಾಡಿ ನೈವೇದ್ಯ ಕೊಟ್ಟರು, ಮುಸಲ್ಮಾನ ಅಂಬಿಗನ ನಾಲ್ಕು ವರ್ಷದ ಮಗಳನ್ನು ಉಮೆಯೆಂದು ಪೂಜಿಸಿದರು. ಅಮ್ಮನ ಶಿವ, ಗುರುವಿನ ಕಾಳಿ, ಬ್ರಹ್ಮ ಸಮಾಜದ ನಿರಾಕಾರ ಎಲ್ಲವೂ ಅವರಲ್ಲಿ ಜಾಗ ಉಳಿಸಿಕೊಂಡಿದ್ದವು.

ತಾಯಿಯನ್ನೂ ಅವರು ಬಿಡಲಿಲ್ಲ. ಸನ್ಯಾಸಿಗೆ ಮನೆಯ ಗೊಡವೆ ಕೂಡದೆಂಬುದು ಶಾಸ್ತ್ರ. ಆದರೂ ಖೇತ್ರಿಯ ಮಹಾರಾಜರಿಗೆ ಹೇಳಿ ತಿಂಗಳಿಗೆ 100 ರೂಪಾಯಿ ತಾಯಿಗೆ ಸಲ್ಲುವಂತೆ ಮಾಡಿದರು. 1901ರಲ್ಲಿ ಆಕೆಯನ್ನು ಪೂರ್ವ ಬಂಗಾಳ ಮತ್ತು ಅಸ್ಸಾಮಿನ ತೀರ್ಥಗಳಿಗೆ ಕರೆದೊಯ್ದರು. ಮನೆಯ ವ್ಯಾಜ್ಯಕ್ಕಾಗಿ ಕೊನೆಯ ದಿನಗಳವರೆಗೂ ಓಡಾಡಿದರು.

1902ರ ಜುಲೈ 4, ಅಮೆರಿಕಾದ ಸ್ವಾತಂತ್ರ್ಯ ದಿನ. ಕಲ್ಕತ್ತೆಯ ಹತ್ತಿರ ಗಂಗಾತೀರದ ಬೇಲೂರು ಮಠದಲ್ಲಿ (ನಮ್ಮ ಹಾಸನದ ಬೇಲೂರಲ್ಲ) ಸ್ವಾಮೀಜಿ ಅಂದು ಮಧ್ಯಾಹ್ನ ಬ್ರಹ್ಮಚಾರಿಗಳಿಗೆ ಸುಮಾರು ಮೂರು ಗಂಟೆ ಸಂಸ್ಕೃತ ವ್ಯಾಕರಣ ಪಾಠ ಮಾಡಿದರು. ರಾತ್ರಿ ಧ್ಯಾನಕ್ಕೆ ಕೂತವರು ಒಂಬತ್ತು ಗಂಟೆಯ ಮೇಲೆ ತೀರಿಕೊಂಡರು. ಆಗ ಅವರಿಗೆ 39 ವರ್ಷ. ಮಗನಿಗಾಗಿ ಕಾಶಿಯ ಶಿವನಿಗೆ ಪೂಜೆ ಮಾಡಿಸಿದ್ದ ಭುವನೇಶ್ವರಿ ದೇವಿ ಅವನಿಲ್ಲದೆ ಇನ್ನೂ ಒಂಬತ್ತು ವರ್ಷ, 1911ರವರೆಗೆ, ಬದುಕಿದ್ದರು.