ಬೂಕರ್ ಟಿ. ವಾಷಿಂಗ್ಟನ್

ಕೈಕಸುಬು ಕೀಳೆಂದು ಲೋಕವು ಬಗೆಯುತ್ತಿದ್ದಾಗ ಅದಕ್ಕೆ ವಿದ್ಯಾಮಂದಿರದಲ್ಲಿ ಮಾನ್ಯಸ್ಥಾನವನ್ನು ದೊರಕಿಸಿದ ಮಹನೀಯರಲ್ಲಿ ಅಮೇರಿಕಾ ದೇಶದ ಬೂಕರ್ ವಾಷಿಂಗ್ಟನ್ನರು ಅಗ್ರಗಣ್ಯರು. ಇವರು 1856ರಲ್ಲಿ ವರ್ಜೀನಿಯಾ ಪ್ರಾಂತದ ಒಂದು ತೋಟದಲ್ಲಿ, ಗುಲಾಮಳಾಗಿದ್ದ ತಾಯಿಯ ಉದರದಲ್ಲಿ ಜನಿಸಿದರು. ಅಂದಿನ ಕಾಯಿದೆಯಂತೆ ತಾಯಿ ಗುಲಾಮಳಾದರೆ ಶಿಶುವೂ ಗುಲಾಮನೇ. 1865ರಲ್ಲಿ ಅಂತರ್ಯುದ್ಧವು ಮುಗಿದು ದಾಸ್ಯವು ತೊಲಗಿತು, ದಾರಿದ್ರ್ಯವು ತೊಲಗಲಿಲ್ಲ. ಬಾಲಕನು ಉಪ್ಪಿನ ಭಟ್ಟಿಯಲ್ಲಿಯೂ ಕಲ್ಲಿದ್ದಲ ಗಣಿಯಲ್ಲಿಯೂ ದುಡಿಯುತ್ತಲೇ ಅಕ್ಷರಾಭ್ಯಾಸವನ್ನು ಮಾಡಿದನು.

ಕಪ್ಪು ಜನರಿಗೆ ಓದಿನೊಡನೆ ಕಸುಬನ್ನೂ ಕಲಿಸುವ ಶಾಲೆಯೊಂದು ಹ್ಯಾಂಪ್ಟನ್ನಿನಲ್ಲಿರುವುದನ್ನು ಕೇಳಿ, 1872ರಲ್ಲಿ ಸುಮಾರು 500 ಮೈಲಿಗಳ ದಾರಿಯನ್ನು ಬಹುಕಷ್ಟದಿಂದ ಕ್ರಮಿಸಿ ಅಲ್ಲಿಗೆ ಹೋದರು. ಒಂದು ಕೋಣೆಯನ್ನು ಗುಡಿಸುವುದೇ ಇವರ ಪ್ರವೇಶಪರೀಕ್ಷೆಯಾಯಿತು. ಮೂರು ಬಾರಿ ಗುಡಿಸಿ, ನಾಲ್ಕು ಬಾರಿ ಧೂಳೊರೆಸಿ ತೇರ್ಗಡೆಯಾದರು.

ಅಲಬಾಮಾ ಪ್ರಾಂತದ ಟಸ್ಕೀಗಿ ಊರಿನಲ್ಲಿ ಲೂಯಿಸ್ ಆಡಮ್ಸ್ ಎಂಬವರಿದ್ದರು. ಒಮ್ಮೆ ಗುಲಾಮರಾಗಿದ್ದ ಇವರು ತಗಡಿನ ಕೆಲಸದಲ್ಲಿಯೂ ಪಾದರಕ್ಷೆ ಹೊಲಿಯುವುದರಲ್ಲಿಯೂ ನಿಪುಣರು. ಈ ಕುಶಲಕರ್ಮಿಯ ಪ್ರಯತ್ನದಿಂದ ಸರಕಾರವು ಕಪ್ಪು ಜನರ ಶಾಲೆಯೊಂದಕ್ಕೆ ವರ್ಷಕ್ಕೆ 2,000 ಡಾಲರುಗಳನ್ನು ಮಂಜೂರು ಮಾಡಿತು. ಅದು ಉಪಾಧ್ಯಾಯರ ಸಂಬಳಕ್ಕೆ ಮಾತ್ರ, ನೆಲವಿಲ್ಲ, ಕಟ್ಟಡವಿಲ್ಲ. ವಾಷಿಂಗ್ಟನ್ನರು 1881ನೆಯ ಜುಲೈ 4ರಂದು 30 ಮಂದಿ ವಿದ್ಯಾರ್ಥಿಗಳೊಡನೆ ಒಂದು ಹಾಳುಮನೆಯಲ್ಲಿ ಪಾಠವನ್ನಾರಂಭಿಸಿದರು. ಬಳಿಕ ಸಾಲ ಮಾಡಿ ಒಂದು ಪಾಳುಬಿದ್ದ ತೋಟವನ್ನು ಕೊಂಡರು.

ಅಲ್ಲಿ ವಿದ್ಯಾರ್ಥಿಗಳೇ ಕಟ್ಟಡ ಕಟ್ಟಬೇಕೆಂಬುದು ಅವರ ಸಂಕಲ್ಪ. ಆದರೆ ತಾಯಿತಂದೆಗಳು ಒಪ್ಪಲಿಲ್ಲ. ಚಾವಟಿಯ ಭಯದಿಂದ ತಲೆತಲಾಂತರ ದುಡಿದವರಿಗೆ ದುಡಿಮೆಯೇ ದಾಸ್ಯದ ಗುರುತಾಗಿ ತೋರಿದುದು ಸಹಜವೇ. ಮಕ್ಕಳಿಗೆ ಪುಸ್ತಕವನ್ನೇ ಕಲಿಸಿರೆಂದು ಅವರು ಬೇಡಿದರು. ಬಲಾತ್ಕಾರದ ದುಡಿಮೆಗೂ ಸ್ವಂತ ಇಚ್ಛೆಯ ಕಾಯಕಕ್ಕೂ ಇರುವ ಅಂತರವನ್ನು ಮಾತಿನಿಂದಲ್ಲ, ಕೃತಿಯಿಂದ ತೋರಿಸಬೇಕಾಯಿತು.

ಇಟ್ಟಿಗೆಯ ಕೆಲಸವು ಸುಲಭವಾಗಿರಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲಬೇಕು. ಗೂಡಿನ ಉರಿಯು ಹದ ತಪ್ಪಿದರೆ ಸಾವಿರಾರು ಇಟ್ಟಿಗೆಗಳು ವ್ಯರ್ಥ. ಮೂರು ಗೂಡುಗಳು ಒಂದಾದ ಮೇಲೊಂದು ಕೆಟ್ಟುವು, ಹಣವು ತೀರಿತು, ಹುಡುಗರು ಧೈರ್ಯಗೆಟ್ಟರು. ಆಗ ವಾಷಿಂಗ್ಟನ್ನರು ತಮ್ಮ ಗಡಿಯಾರವನ್ನು 15 ಡಾಲರುಗಳಿಗೆ ಗಿರವಿಯಿಟ್ಟು ನಾಲ್ಕನೆಯ ಗೂಡನ್ನು ಹಾಕಿಸಿದರು. ಅದು ಫಲಿಸಿತು. ಗಡಿಯಾರವು ಮರಳಿ ಬರಲೇ ಇಲ್ಲ. ಆದರೆ ಇಟ್ಟಿಗೆ ಒಳ್ಳೆಯದೆಂದು ತಿಳಿದೊಡನೆ, ಶಾಲೆಯನ್ನು ಸಂಶಯದಿಂದ ನೋಡುತ್ತಿದ್ದ ಬಿಳಿಯರೂ ಕೊಳ್ಳಲು ಬಂದರು.

ಇಷ್ಟಾದರೂ ಅವರ ಮಾರ್ಗವು ನಿರ್ವಿವಾದವಾಗಿರಲಿಲ್ಲ. ಕಸುಬಿನ ಭರದಲ್ಲಿ ಮತದಾನದ ಹಕ್ಕನ್ನೂ ಉನ್ನತ ವಿದ್ಯೆಯನ್ನೂ ಹಿಂದಿಕ್ಕಿದರೆಂದು ಡುಬಾಯ್ಸ್ ಎಂಬ ಪಂಡಿತರು 1903ರಲ್ಲಿ ಖಂಡಿಸಿದರು. ಆ ಆಕ್ಷೇಪಣೆಯಲ್ಲಿ ಸತ್ಯಾಂಶವಿತ್ತು. ಕಪ್ಪು ಬಡಗಿಯು ಎಷ್ಟೇ ನಿಪುಣನಾಗಿರಲಿ, ಅನೇಕ ಕಾರ್ಮಿಕ ಸಂಘಗಳು ಅವನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಕುಶಲತೆಯು ಹೊಟ್ಟೆಗೆ ಅನ್ನವನ್ನು ಕೊಡಬಲ್ಲದು. ನ್ಯಾಯವನ್ನು ಬೇರೆಯಾಗಿಯೇ ಸಾಧಿಸಬೇಕಾಗುತ್ತದೆ.

1915ನೆಯ ನವೆಂಬರ್ 14ರಂದು ಅವರು ಕಾಲವಾದಾಗ ಆ ಸಂಸ್ಥೆಯಲ್ಲಿ ನೂರಕ್ಕೂ ಮಿಕ್ಕ ಕಟ್ಟಡಗಳೂ ಸುಮಾರು 1,500 ವಿದ್ಯಾರ್ಥಿಗಳೂ ಇದ್ದರು. 38 ಕಸುಬು ಮತ್ತು ವೃತ್ತಿಗಳ ಶಿಕ್ಷಣವು ನಡೆಯುತ್ತಿತ್ತು. ತುಳಿಯಲ್ಪಟ್ಟವರಿಗೆ ಕನಿಕರದ ಮಾತಿಗಿಂತ ಕಲಿಯಲು ಒಂದು ಕಸುಬೂ, ಸೋತಾಗ ಮತ್ತೊಂದು ಗೂಡು ಹಾಕಿಸುವ ಹಿರಿಯರೂ ಬೇಕೆಂಬುದನ್ನು ಈ ಚರಿತ್ರೆಯು ನಮಗೆ ತಿಳಿಸುತ್ತದೆ.